ಬಾಡಿದ ಸೆಣಬಿನ ರುಚಿ

ಗೊಬ್ಬರಕ್ಕೆಂದು ಬೆಳೆದು ಕೊಯ್ದ ಸೆಣಬು ಬಿಸಿಲಿಗೆ ಬಾಡುವಾಗ ಏಳುವ ಘಾಟು ಈಗಲೂ ನನ್ನನ್ನು ಅರಕಲಗೂಡಿನ ನಮ್ಮ ಗದ್ದೆಯ ಬದುವಿನ ಮೇಲೆ ನಿಲ್ಲಿಸುತ್ತದೆ.

ಮಳೆ ಬಿಡುವು ಕೊಟ್ಟಿದ್ದ ಮಧ್ಯಾಹ್ನ. ಸೆಣಬನ್ನು ಮಣ್ಣಿಗೆ ಸೇರಿಸಿ ಉಳಲು ಚಿಕ್ಕಪ್ಪ ಟ್ರ್ಯಾಕ್ಟರ್ ತಂದಿದ್ದ. ಆದರೆ ಬಾಡಿದ ದಂಟುಗಳ ಮೇಲೆಲ್ಲ ಚಿಟ್ಟೆಗಳು ಕೂತಿದ್ದವು. ಕಪ್ಪು ರೆಕ್ಕೆ, ಅದರ ತುಂಬ ತಿಳಿನೀಲಿ ಚುಕ್ಕೆ. ಬದುವಿನ ಪಕ್ಕ ಕೊಯ್ಯದೆ ಬಿಟ್ಟ ಸೆಣಬು ಹಳದಿ ಹೂ ಬಿಟ್ಟು ನಿಂತಿತ್ತು. ಅತ್ತ ಒಂದೂ ಸುಳಿಯುತ್ತಿರಲಿಲ್ಲ.

"ಮೊಟ್ಟೆ ಇಕ್ತಾವೆ ಕಣವ್ವ. ನಾಳೆ ಪಕ್ಕದ್ ಹೊಗೆಸೊಪ್ಪಿಗೆ ಹುಳ ಬೀಳ್ತದೆ. ಔಸ್ದಿ ಹೊಡ್ದುಬುಡ್ತೀನಿ," ಎಂದ ಚಿಕ್ಕಪ್ಪ, ಬದುವಿನ ಮೇಲೆ ಕೂತಿದ್ದ ಅಜ್ಜಿಗೆ.

ಅಜ್ಜಿ ಕೂತಲ್ಲಿಂದ ಏಳಲಿಲ್ಲ. "ಬೆಟ್ಟದ ಕಡೆಯಿಂದ ಮೂಡ್ಲಕ್ಕೆ ಓಗೋವು ಕಣ್ಲಾ. ನಾನ್ ಸಣ್ಣೋಳಿದ್ದಾಗ್ಲೂ ಬತ್ತಿದ್ವು. ಉಣ್ತಾ ಕುಂತೋರ್ನ ಎಬ್ಬಿಸ್ತಾರೇನ್ಲಾ? ನಾಳೆ ಉಳು."

"ಅಷ್ಟೊಂದ್ ಹೂ ಇರುವಾಗ ಒಣಕಡ್ಡೀಲಿ ಏನುಣ್ತವೆ ಅಜ್ಜಿ?" ಎಂದೆ.

"ನೀನೇ ಕಚ್ಚಿ ನೋಡು."

ಒಂದು ದಂಟು ಕಚ್ಚಿದೆ. ಕಹಿ ಗಂಟಲವರೆಗೂ ಇಳಿಯಿತು. ಥೂ ಎಂದು ಉಗುಳಿದೆ.

ಅಜ್ಜಿ ನಕ್ಕಳು. "ಅವು ಉಣ್ಣೋದೂ ಆ ಕಹೀನೇ. ಅದ್ಕೇ ಕಣವ್ವ, ಅವುನ್ನ ಹಕ್ಕಿ ಮುಟ್ಟಲ್ಲ."

ಚಿಕ್ಕಪ್ಪ ಗೊಣಗುತ್ತಲೇ ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ಹೋದ.

ಮರುದಿನ ಬೆಳಿಗ್ಗೆ ಗದ್ದೆಯಲ್ಲಿ ಒಂದು ಚಿಟ್ಟೆಯೂ ಇರಲಿಲ್ಲ. ಟ್ರ್ಯಾಕ್ಟರ್ ಹತ್ತಿದ ಚಿಕ್ಕಪ್ಪ ಮತ್ತೆ ಇಳಿದ. ದಂಟುಗಳನ್ನು ತಿರುವಿ ತಿರುವಿ ಮೊಟ್ಟೆ ಹುಡುಕಿದ, ಒಂದೂ ಸಿಗಲಿಲ್ಲ. ಆಮೇಲೆ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದುಕೊಂಡು, ಒಂದು ದಂಟನ್ನು ಬಾಯಿಗಿಟ್ಟು ಕಚ್ಚಿದ.

ನಾನು ಪಂಪ್‌ಸೆಟ್ ಮನೆಯ ಹಿಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಚಿಕ್ಕಪ್ಪ ಮುಖ ಕಿವುಚಿದ. ಆದರೆ ಉಗುಳಲಿಲ್ಲ.