ಅದೇ ಹೆಸರು

"ಮಗುವಿನ ಹೆಸರೇನಮ್ಮಾ?" ಜ್ಞಾನಸ್ನಾನದ ನೀರಿಗೆ ಕೈಯಿಟ್ಟು, ಹೋದ ತಿಂಗಳಷ್ಟೇ ಬಂದಿದ್ದ ಹೊಸ ಪಾದ್ರಿ ಕೇಳಿದರು. ಗಿರಣಿಯಲ್ಲಿ ನೂಲು ತೆಗೆಯುವ ಆ ತಾಯಿ ಹಳೇ ಪಾದ್ರಿಯ ಹೆಸರು ಹೇಳಿದಳು. ಮುಷ್ಕರದ ದಿನ ಕೆಲಸಗಾರರ ಜೊತೆ ಗೇಟಿನಲ್ಲಿ ನಿಂತರೆಂದು ಐದು ವರ್ಷದ ಹಿಂದೆ ಮೇಲಿನವರು ಅವರನ್ನು ಎತ್ತಂಗಡಿ ಮಾಡಿದ್ದರು. ಅಂದಿನಿಂದ ಹುಟ್ಟಿದ ಗಂಡುಕೂಸುಗಳಿಗೆಲ್ಲ ಅದೇ ಹೆಸರು.

ಹೊಸಬರು ಮುಖ ಗಂಟಿಕ್ಕಿದರು. "ಬೀದೀಲಿ ಒಂದ್ಸಲ ಕೂಗಿದ್ರೆ ಹತ್ತು ಮಕ್ಕಳು ಓಡಿಬರ್ತಾರೆ. ಸಾಲದ್ದಕ್ಕೆ ಇದು ಹೆಣ್ಣುಮಗು!"

"ನಮ್ಮ ಬೀದೀಲಿ ಆ ಹೆಸರಿಗೆ ಧೈರ್ಯ ಅಂತ ಅರ್ಥ, ಫಾದರ್. ಧೈರ್ಯ ಏನು ಗಂಡಸರಿಗೇ ಬರೆದುಕೊಟ್ಟಿದ್ದಾ?" ಅವಳು ಕೂಸನ್ನು ನೀರಿನ ಮೇಲೆ ಚಾಚಿ ಹಿಡಿದಳು. "ಕೈ ಸೋತ್ರೂ ಇನ್ನೊಂದು ಹೆಸರು ಹೇಳಲ್ಲ."

ಬೆಂಚುಗಳಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಪಾದ್ರಿ ಬೊಗಸೆಯಲ್ಲಿ ನೀರೆತ್ತಿ, ಬಂದಾಗಿನಿಂದ ನಾಲಿಗೆಗೆ ತಾರದಿದ್ದ ಹೆಸರನ್ನು ಗೊಣಗಿದರು.

"ಜೋರಾಗಿ ಹೇಳಿ ಫಾದರ್," ಹಿಂದಿನಿಂದ ಅವಳ ಅತ್ತೆ ಕೂಗಿದಳು, "ಇಲ್ಲಿಗೆ ಕೇಳಿಸ್ಲಿಲ್ಲ!"