ಒಟ್ಟಿಗೆ ಮಗುಚಿದ ಹಾಳೆ

ಆರನೇ ಪ್ರಶ್ನೆಗೆ ಬಂದಾಗ ಅಂಬಮ್ಮನ ನಾಲಗೆ ಹೊರಳಲಿಲ್ಲ.

"ಓದಕ್ಕ," ಎಂದ ಸಿದ್ದಪ್ಪ. ಹುಟ್ಟಿನಿಂದ ಕಣ್ಣಿಲ್ಲದ ತಮ್ಮ ತರೀಕೆರೆಯಲ್ಲಿ ಪಿಯುಸಿ ಚರಿತ್ರೆ ಪರೀಕ್ಷೆಗೆ ಕೂತಿದ್ದ. ಪ್ರಶ್ನೆ ಓದಿ, ಅವನು ಹೇಳಿದ್ದನ್ನು ಬರೆಯುವುದು ಅವಳ ಕೆಲಸ. ಬರೆಯುವವರು ಅವನಿಗಿಂತ ಕಡಿಮೆ ಓದಿರಬೇಕೆಂದು ನಿಯಮ. "ಎಸ್ಸೆಲ್ಸಿ ಫೇಲಾಗಿದ್ದು ಉಪಯೋಗಕ್ಕೆ ಬಂತು ಬಿಡವ್ವ," ಎಂದು ಬೆಳಿಗ್ಗೆ ಮೇಲ್ವಿಚಾರಕ ಗಂಗಾಧರಯ್ಯ ನಕ್ಕಿದ್ದರು. "ನಿನ್ನ ಸ್ವಂತದ್ದು ಒಂದಕ್ಷರ ಬೀಳಕೂಡ್ದು, ಅಷ್ಟೆ."

ಅವರು ಬೆನ್ನ ಹಿಂದೆಯೇ ನಿಂತಿದ್ದರು. ಓದದೆ ದಾರಿಯಿರಲಿಲ್ಲ. "ಹೊಯ್ಸಳರ ಕಾಲದ ಕೆರೆಕಟ್ಟೆಗಳ ಬಗ್ಗೆ ಬರೆಯಿರಿ. ಹದಿನೈದು ಅಂಕ."

ಎರಡು ವರ್ಷ ಬುಕ್ಕಾಂಬುಧಿಯ ಮನೆಯ ಪಡಸಾಲೆಯಲ್ಲಿ ಪಾಠಗಳನ್ನು ಮೂರು ಮೂರು ಸಲ ಓದಿ ಹೇಳಿದ್ದಳು, ಪುರಾಣ ಓದುವವರ ಹಾಗೆ ರಾಗ ಕೂಡಿಸಿ. ಪಾಸಾದರೆ ಮೈಸೂರಿನಲ್ಲಿ ಬಿ.ಎ.ಗೆ ಸೀಟು, ಹಾಸ್ಟೆಲ್ಲು ಎಂದು ಊರಿನ ಮೇಷ್ಟ್ರು ಹೇಳಿಹೋದ ದಿನ ಅವ್ವ ಮಗನಿಗೆ ನೆಟಿಗೆ ಮುರಿದು, "ಕೇಳಿದ್ದು ಮರೆಯಾಕಿಲ್ಲ, ಎಂಥಾ ತಲೆ ಕಣೇ ನನ್ ಮಗಂದು!" ಎಂದಿದ್ದಳು. ಕೇಳಿಸಿದ ಗಂಟಲು ಯಾರದೆಂದು ಒಬ್ಬರೂ ಅನ್ನಲಿಲ್ಲ. ಅವತ್ತು ಪಾಠ ಓದುವಾಗ ಬೇಕೆಂದೇ ಎರಡು ಹಾಳೆ ಒಟ್ಟಿಗೆ ಮಗುಚಿಬಿಟ್ಟಿದ್ದಳು. 'ಕೆರೆಕಟ್ಟೆಗಳು' ಎಂಬ ತಲೆಬರಹವಷ್ಟೇ ಕಣ್ಣಿಗೆ ಬಿದ್ದಿತ್ತು. ಆಮೇಲೆ ತಿರುಗಿ ಓದೋಣವೆಂದುಕೊಂಡವಳು ಓದಲೇ ಇಲ್ಲ.

ಸಿದ್ದಪ್ಪ ಬೆಂಚಿನ ಅಂಚನ್ನು ಬೆರಳಿಂದ ಸವರುತ್ತಿದ್ದ. ಅವಳು ಮನಸ್ಸಿನಲ್ಲೇ ಬೇಡಿಕೊಂಡಳು: ಗುರುವೇ, ನನ್ನ ಹೊಟ್ಟೆಕಿಚ್ಚಿಗೆ ಇವನ ಮೈಸೂರು ತಪ್ಪಿಸಬೇಡಪ್ಪ.

"ಬರ್ಕೋ," ಎಂದ ಅವನು. ತೂಬು ಎತ್ತಿದ ಹಾಗೆ ಶುರುವಾಯಿತು. ಕೆರೆ ಕಟ್ಟಿಸಿದವರು, ಹೂಳು ತೆಗೆದವರಿಗೆ ಬಿಟ್ಟ ಗದ್ದೆ, ಶಾಸನದ ಮಾತು. ಅವಳು ಬರೆಯುತ್ತಾ ಹೋದಳು. ಆ ಪಾಠವನ್ನು ಅವಳು ಕೇಳುತ್ತಿದ್ದುದು ಅದೇ ಮೊದಲು.

ಗಂಟೆ ಹೊಡೆದು ಹೊರಗೆ ಬಂದ ಮೇಲೆ ಹೊಂಗೆಮರದ ಕೆಳಗೆ ಅವನ ಕೈ ಬಿಟ್ಟು ಕೇಳಿದಳು. "ಯಾರ್ಲಾ ಓದಿ ಹೇಳಿದ್ದು?"

"ಮೇಷ್ಟ್ರ ಮಗಳು, ಸೀತಾದೇವಿ. ಅವತ್ತು ಹಾಳೆ ಮಗುಚಿದ ಸದ್ದು ದಪ್ಪಗಿತ್ತಲ್ಲ ಅಕ್ಕ, ಗೊತ್ತಾಯ್ತು. ನಿಂಗೆ ಗಂಟಲು ಕಟ್ಟೈತೆ ಅಂತ ಅವಳತ್ರ ಹೇಳ್ದೆ."

ಅಂಬಮ್ಮ ಮತ್ತೆ ಅವನ ಕೈ ಹಿಡಿದು ಬಸ್‌ಸ್ಟ್ಯಾಂಡಿನವರೆಗೂ ನಡೆಸಿಕೊಂಡು ಬಂದಳು. ಅಜ್ಜಂಪುರದ ಬಸ್ಸು ಹತ್ತಿ, ಅವನಿಗೆ ಕಿಟಕಿ ಪಕ್ಕ ಜಾಗ ಮಾಡಿ ಕೂರಿಸಿದ ಮೇಲೆ, ತಡೆಯಲಾರದೆ ಕೇಳಿಯೇಬಿಟ್ಟಳು:

"ನನಗಿಂತ ಚೆನ್ನಾಗಿ ಓದಿದ್ಲೇನೋ?"