ಗಟ್ಟಿ ಟ್ರಿಗರ್

ಆ ಹೆಂಗಸು ಯಾರನ್ನೋ ಕೊಲ್ಲುವುದಕ್ಕೇ ಬಂದಿದ್ದಾಳೆ ಎಂದು ಡಾರೆಲ್ ಸ್ಟಂಪ್‌ಗೆ ಅನ್ನಿಸಿದ್ದು, ಅವಳು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದಾಗ. ಒಳಗೆ ಪಿಸ್ತೂಲಿತ್ತು. ಅದನ್ನು ನೋಡುವ ಅವಳ ಕಣ್ಣಲ್ಲಿ ಭಯವಿರಲಿಲ್ಲ. ದ್ವೇಷವಿತ್ತು.

ಓಹಾಯೋದ ಆ ಸಣ್ಣ ಊರಿನಲ್ಲಿ, ಮೇವಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಪ್ರತಿ ಶನಿವಾರ ಬೆಳಿಗ್ಗೆ ಡಾರೆಲ್‌ನ ಪಾಠ. ಪಿಸ್ತೂಲನ್ನು ಮೈಮೇಲೆ ಇಟ್ಟುಕೊಂಡು ಅಪಾಯವಿಲ್ಲದೆ ಓಡಾಡುವುದು ಹೇಗೆ ಎಂಬ ಪಾಠ. ಅವನ ಸಹಿ ಬೀಳದೆ ಯಾರಿಗೂ ಪರವಾನಗಿ ಇಲ್ಲ. ಆ ಸಹಿಯೊಂದರ ಮೇಲೆ ಅವನು ಎಷ್ಟು ಮೆರೆಯುತ್ತಿದ್ದ ಎಂದರೆ, ಊರಿನ ಪಾದ್ರಿಯೂ ಅವನೆದುರು ಟೋಪಿ ತೆಗೆಯುತ್ತಿದ್ದ.

"ಏನಮ್ಮಾ ಇದು? ಪಿಸ್ತೂಲೋ, ಸ್ಟೇಪ್ಲರೋ?"

ಲಾರಿ ಓಡಿಸುವ ವೆಲ್ಡನ್ ಬಾಯಲ್ಲಿದ್ದ ಡೋನಟ್ ಉದುರುವಂತೆ ನಕ್ಕ. ಉಳಿದವರೂ ನಕ್ಕರು.

"ಅಗ್ಗದ್ದು," ಎಂದಳು ಆ ಹೆಂಗಸು. ನೀಲಿ ಕೋಟು, ಹೆಸರು ನೋರೀನ್, ಬೆಟ್ಟದಾಚೆಯ ಊರಿನವಳು. "ನಮ್ಮಂಥೋರ ಕೈಗೆ ಎಟುಕೋದು ಇದೇ."

"ಹಾರ್ಸಿ ನೋಡಿದೀರಾ?"

"ನಾನು ಹಾರ್ಸಿಲ್ಲ. ಅದು ಹಾರಿರೋದು ಒಂದೇ ಸಲ."

"ಒಂದಕ್ಕೇ ಹೆದ್ರಿಬಿಟ್ರಾ?"

"ಒಂದೇ ಸಾಕಾಯ್ತು."

ಡಾರೆಲ್ ಕುರ್ಚಿ ಎಳೆದುಕೊಂಡು ಅವಳೆದುರು ಕೂತ. "ಯಾರಾದ್ರೂ ತೊಂದ್ರೆ ಕೊಡ್ತಿದಾರಾ? ಗಂಡನಾ?"

"ಗಂಡ ತೀರ್ಕೊಂಡು ಎಷ್ಟೋ ವರ್ಷ ಆಯ್ತು. ಇವನು ಬೇರೆ. ಈ ಊರಲ್ಲೇ ಇದಾನೆ. ನನ್ನ ಮುಖ ಅವನಿಗೆ ಗೊತ್ತಿಲ್ಲ."

ವೆಲ್ಡನ್‌ನ ನಗು ನಿಂತಿತು.

ಇವಳಿಗೆ ಸಹಿ ಹಾಕಬಾರದು ಎಂದು ಡಾರೆಲ್ ಆ ಕ್ಷಣವೇ ನಿರ್ಧರಿಸಿದ. ನಾಳೆ ಊರಲ್ಲಿ ಹೆಣ ಬಿದ್ದರೆ ಪೊಲೀಸರು ಮೊದಲು ತಟ್ಟುವುದು ತನ್ನ ಬಾಗಿಲನ್ನು. ಆದರೆ ಸುಮ್ಮನೆ ಎಬ್ಬಿಸಿ ಕಳಿಸಿದರೆ ಏನು ಮಜಾ? ನಾಲ್ಕು ಜನರ ಮುಂದೆ ಮಾನ ಕಳೆದೇ ಕಳಿಸಬೇಕು. ಅವಳ ಪಿಸ್ತೂಲನ್ನು ಎತ್ತಿಕೊಂಡ. ಗುಂಡು ತುಂಬುವ ಮ್ಯಾಗಜಿನ್ ಕಳಚಿದ, ನಳಿಗೆಯ ಬುಡ ತೆರೆದು ಬೆರಳಿಟ್ಟು ನೋಡಿದ. ಖಾಲಿ. ಇನ್ನೊಮ್ಮೆ ನೋಡಿದ. ಅದರಲ್ಲಿ ಮಾತ್ರ ಅವನು ತಪ್ಪುವವನಲ್ಲ.

"ಎಲ್ರೂ ನೋಡ್ರಪ್ಪಾ. ಈ ಬಡಪಾಯಿ ಪಿಸ್ತೂಲಿಗೆ ಬೇರೆ ಬೀಗ ಇಲ್ಲ. ಟ್ರಿಗರ್ ಗಟ್ಟಿ ಇರೋದೇ ಇದರ ಬೀಗ. ಬೆರಳಿಟ್ಟು ಬಲವಾಗಿ ಎಳೆದ ಹೊರ್ತು ಹಾರಲ್ಲ. ಹಾಗಂತ ಬರೀ ಜೇಬಿಗೆ ತುರುಕ್ಬೇಡಿ. ಒರೆಯೊಳಗೇ ಇರ್ಬೇಕು. ಆ ಜೇಬಲ್ಲಿ ಬೀಗದ ಕೈ, ಚಿಲ್ಲರೆ ಏನೂ ಇರಬಾರ್ದು."

ನೋರೀನ್ ಕೋಟಿನಿಂದ ಚರ್ಮದ ಒರೆಯೊಂದನ್ನು ತೆಗೆದಳು. ಅದರ ತಳವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೇ ತೋರಿಸಿದಳು. "ಇದಾಗತ್ತಾ?"

"ಅಯ್ಯೋ, ಎಸೀರಿ ಅದನ್ನ! ಬಾಯಿ ಸವೆದು ಒಳಕ್ಕೆ ಮಡಚ್ಕೊಂಡಿದೆ. ಪಿಸ್ತೂಲು ಇಳಿಸುವಾಗ ಆ ಮಡಿಕೆ ಟ್ರಿಗರ್‌ಗೆ ಸಿಕ್ಕಿದ್ರೆ..."

"ಸಿಕ್ಕಿದ್ರೆ?"

"ನಿಮ್ಮದಕ್ಕೆ ಏನೂ ಆಗಲ್ಲ ಬಿಡಿ. ಇಷ್ಟು ಗಟ್ಟಿ ಟ್ರಿಗರ್ ಚರ್ಮದ ತುಂಡಿಗೆಲ್ಲ ಬಗ್ಗಲ್ಲ."

"ಹಾಗಾದ್ರೆ ಗಟ್ಟಿ ಇರೋದೇ ಒಳ್ಳೇದು ಅನ್ನಿ."

"ಜೇಬಲ್ಲಿರೋವಾಗ ಒಳ್ಳೇದು. ಕಳ್ಳ ಎದುರಿಗೆ ನಿಂತಾಗ? ಎಳೆದೂ ಎಳೆದೂ ಕೈ ನಡುಗಿ, ಗುಂಡು ಆಕಾಶಕ್ಕೆ!" ಡಾರೆಲ್ ಉಬ್ಬಿದ. "ಅದಕ್ಕೇ ನಾನು ಒಳಗಿನ ಸ್ಪ್ರಿಂಗ್ ಕಿತ್ತು ಹಗುರದ್ದು ಹಾಕ್ಕೊಡ್ತೀನಿ. ಪುಕ್ಕಟೆ. ಕಾರ್ಖಾನೆಯೋರು ಬೇಡ ಅಂತಾರೆ, ಹೇಡಿಗಳು. ಹೋದ ಚಳಿಗಾಲ ಒಬ್ಬ ಹುಡುಗ ಬಂದಿದ್ದ. ಸಣಕಲ, ಕೆಂಪು ಟೋಪಿ, ಎಲ್ಲೋ ಪೆಟ್ರೋಲ್ ಬಂಕಲ್ಲಿ ಕೆಲ್ಸ. 'ಎಳೆಯಕ್ಕೇ ಆಗ್ತಿಲ್ಲ ಸಾರ್' ಅಂತ ಅಳೋ ಹಾಗಿದ್ದ. ಇದೇ ಮೇಜಿನ ಮೇಲೆ ಹಾಕ್ಕೊಟ್ಟೆ. ಕುಣ್ಕೊಂಡು ಹೋದ."

"ಆಮೇಲೆ ಬಂದಿದ್ನಾ?"

"ಯಾಕ್ ಬರ್ತಾನೆ? ದೂರು ಇದ್ರೆ ತಾನೇ ಬರೋದು."

ನೋರೀನ್ ಬಹಳ ಹೊತ್ತು ಅವನನ್ನೇ ನೋಡಿದಳು. ಆ ನೋಟ ಡಾರೆಲ್‌ಗೆ ಹಿಡಿಸಲಿಲ್ಲ.

"ನಿಮಗೆ ಮಾತ್ರ ಹಾಕ್ಕೊಡಲ್ಲ," ಎಂದ ಜೋರಾಗಿ. "ಸಹಿನೂ ಹಾಕಲ್ಲ. ನಿಮ್ಮ ಹೊಟ್ಟೇಲಿರೋ ಬೆಂಕಿಗೆ ಗಟ್ಟಿ ಟ್ರಿಗರೇ ಸರಿ. ಎಳೆಯೋಷ್ಟರಲ್ಲಿ ಸಿಟ್ಟು ಇಳಿದಿರತ್ತೆ. ಆ ಮನುಷ್ಯ ಬದ್ಕೊಳ್ಲಿ."

ಮತ್ತೆ ನಗು. ಅವಳು ಮಾತ್ರ ಮುಖ ತಗ್ಗಿಸಲಿಲ್ಲ.

"ಸಹಿ ನನಗೆ ಬೇಡ. ಎಷ್ಟು ಗಟ್ಟಿ ಅಂತ ಎಲ್ಲರ ಮುಂದೆ ಒಂದ್ಸಲ ತೋರ್ಸಿ, ಸಾಕು. ಹೊರಟು ಹೋಗ್ತೀನಿ."

"ನೋಡ್ರೋ, ಈ ಅಮ್ಮನ ಆಸೆ ಯಾಕೆ ಕೆಡಿಸ್ಲಿ!"

ಡಾರೆಲ್ ಎದ್ದು, ಗೋಡೆಗೆ ಒರಗಿಸಿದ್ದ ಮರಳು ಮೂಟೆಗಳ ಕಡೆಗೆ ನಳಿಗೆ ತಿರುಗಿಸಿದ. ಕಾಲು ಅಗಲಿಸಿ ನಿಂತ. ಭಾರ ಎತ್ತುವವನಂತೆ ಕೆನ್ನೆ ಉಬ್ಬಿಸಿ, ಮುಖ ಕಿವುಚಿದ. ವೆಲ್ಡನ್ ಸಿಳ್ಳೆ ಹಾಕಿದ. ಡಾರೆಲ್ ಟ್ರಿಗರ್ ಮೇಲೆ ಬೆರಳಿಟ್ಟ. ಇಟ್ಟ, ಅಷ್ಟೇ.

ಟಕ್.

ಉಬ್ಬಿಸಿದ ಕೆನ್ನೆ ಹಾಗೇ ಉಳಿಯಿತು. ಯಾರೂ ನಗಲಿಲ್ಲ. ಡಾರೆಲ್ ಪಿಸ್ತೂಲನ್ನು ತಿರುಗಿಸಿ ನೋಡಿದ. ಹಿಡಿಯ ಸ್ಕ್ರೂವಿನ ತಲೆಯ ಮೇಲೊಂದು ಗೀರು. ಅಂಥ ಗೀರನ್ನು ಹಾಕುವ ಸ್ಕ್ರೂಡ್ರೈವರ್ ಅವನ ಮೇಜಿನ ಮೇಲೇ ಇತ್ತು.

ನೋರೀನ್ ಮುಷ್ಟಿ ಬಿಚ್ಚಿದಳು. ಒರೆಯ ತಳದಲ್ಲಿ ಅಂಚು ಸುಟ್ಟ ತೂತು.

"ಆ ಕೆಂಪು ಟೋಪಿ ನನ್ನ ಮಗ," ಎಂದಳು. "ಸಾಯೋವಾಗ ಪಿಸ್ತೂಲನ್ನ ಒರೆಗೆ ಇಳಿಸ್ತಿದ್ದ, ನೀವು ಹೇಳ್ಕೊಟ್ಟ ಹಾಗೇ. ಸ್ಪ್ರಿಂಗೂ ನಿಮ್ಮದೇ. ಪುಕ್ಕಟೆ."